ಕಡಲಾಚೆಯ ನಮ್ಮವರಿಗೆ ನಾವೇ ಬರೆಯೋಣ



ನಮ್ಮ ಕರಾವಳಿಯ ಯಾವ ಊರಿಗಾದರೂ ಹೋಗಿ. ಮಂಗಳೂರಿರಲಿ, ಉಡುಪಿಯಿರಲಿ, ಕುಂದಾಪುರ, ಭಟ್ಕಳ ಇರಲಿ. ಒಂದು ಓಣಿ ಹಿಡಿದು ನಡೆಯಿರಿ. ಮನೆಯವರನ್ನು ಮಾತನಾಡಿಸಿ.

"ನಿಮ್ಮ ಮಗ ಎಲ್ಲಿದ್ದಾನೆ?"

"ದುಬೈಯಲ್ಲಿ."

"ನಿಮ್ಮ ಯಜಮಾನರು?"

"ಸೌದಿಯಲ್ಲಿ."

"ಮಗಳು?"

"ಕುವೈತಿನಲ್ಲಿ. ಆಸ್ಪತ್ರೆಯಲ್ಲಿ ನರ್ಸ್."

ಒಬ್ಬರು ಹೋಟೆಲಿನಲ್ಲಿ ಅಡಿಗೆ ಮಾಡುತ್ತಾರೆ. ಒಬ್ಬರು ಲಾರಿ ಓಡಿಸುತ್ತಾರೆ. ಒಬ್ಬರು ಕಟ್ಟಡದ ಕೆಲಸದಲ್ಲಿದ್ದಾರೆ. ಮನೆಗೆಲಸಕ್ಕೆ ಹೋದ ಹೆಂಗಸರೂ ಇದ್ದಾರೆ. ಹೋದವರು ಊರಿಗೆ ಬರುವುದು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಅವರಿಗೂ ನಮಗೂ ನಡುವೆ ಇರುವುದು ಮಾತು ಮಾತ್ರ. ಆ ಮಾತು ಯಾವ ದಾರಿಯಲ್ಲಿ ಹೋಗಬೇಕು? ಯಾವ ದಾರಿಯಲ್ಲಿ ಬರಬೇಕು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ನಡುವೆ ಕೂತ ಇನ್ನೊಬ್ಬರು

ಮೊದಲು ಕಾಗದ ಇತ್ತು. 1970ರ, 80ರ ದಶಕದಲ್ಲಿ ಗಲ್ಫಿಗೆ ಹೋದವರ ಮನೆಗೆ ಅಂಚೆಯಣ್ಣ ಕಾಗದ ತಂದುಕೊಡುತ್ತಿದ್ದ. ವಿಮಾನದಲ್ಲಿ ಬಂದರೂ ಕಾಗದ ಮುಟ್ಟಲು ಎಷ್ಟೋ ದಿನ ಹಿಡಿಯುತ್ತಿತ್ತು. ಬೇಗ ಮುಟ್ಟಲಿ ಅಂತ ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುವವರೂ ಇದ್ದರು.

ಬಂದ ಕಾಗದ ಓದುವವರು ಯಾರು? ಅಂಚೆಯಣ್ಣ, ಶಾಲೆಯ ಮಾಸ್ತರು, ಇಲ್ಲವಾದರೆ ಪಕ್ಕದ ಮನೆಯ ಹುಡುಗ. ಉತ್ತರ ಬರೆಯುವವರೂ ಅವರೇ. ಹೆಂಡತಿ ಹೇಳುತ್ತಾಳೆ, ಮಾಸ್ತರು ಬರೆಯುತ್ತಾರೆ. ಪಕ್ಕದಲ್ಲಿ ಅತ್ತೆ ಕೂತಿರುತ್ತಾಳೆ. ಮಾವ ಜಗಲಿಯಲ್ಲಿ ಕೇಳುತ್ತಾ ಇರುತ್ತಾನೆ. ಹೆಂಡತಿಯ ಮನಸ್ಸಿನಲ್ಲಿ ನೂರು ಮಾತು. ಮನೆಯಲ್ಲಿ ಜಗಳ ಆಗಿದೆ, ಬರೆಸೋದು ಹೇಗೆ? ನೀವಿಲ್ಲದೆ ಬೇಸರ ಆಗ್ತದೆ, ಅದನ್ನು ಮಾಸ್ತರ ಎದುರು ಹೇಳೋದು ಹೇಗೆ? ನೀವು ಕಳಿಸಿದ ದುಡ್ಡು ನನ್ನ ಕೈಗೆ ಬರಲಿಲ್ಲ, ಅದನ್ನಂತೂ ಬಾಯಿ ಬಿಡುವ ಹಾಗಿಲ್ಲ. ಕಡೆಗೆ ಎಲ್ಲರ ಕಾಗದವೂ ಒಂದೇ ಥರ. "ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ."

ಆಮೇಲೆ ಕ್ಯಾಸೆಟ್ ಬಂತು. ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತನಾಡಿ, ಕ್ಯಾಸೆಟ್ ತುಂಬಿಸಿ ಕಳಿಸುತ್ತಿದ್ದರು. ದನಿ ಕೇಳುವುದೇ ಒಂದು ಸಂತೋಷ. ಆದರೆ ಅದನ್ನು ಮನೆಮಂದಿಯೆಲ್ಲ ಕೂತು ಕೇಳುತ್ತಿದ್ದರು.

1980ರ ದಶಕದ ಕೊನೆಗೆ ಊರೂರಿಗೆ ಹಳದಿ ಬೋರ್ಡಿನ ಎಸ್‌.ಟಿ.ಡಿ. ಬೂತ್ ಬಂತು. ಗಾಜಿನ ಡಬ್ಬಿಯೊಳಗೆ ನಿಂತು ಮಾತು. ಮೇಲೆ ಕೆಂಪು ಅಂಕಿ ಓಡುತ್ತಾ ಇರುತ್ತದೆ. ಅಂಕಿ ನೋಡಿದರೆ ಮಾತು ಮರೆತುಹೋಗುತ್ತದೆ. ಹಿಂದೆ ಸಾಲು ನಿಂತಿರುತ್ತದೆ.

ಈಗ ಕೈಯಲ್ಲೇ ಮೊಬೈಲ್ ಇದೆ. ಮಾತಿಗೆ ಹೆಚ್ಚು ಖರ್ಚಿಲ್ಲ. ಆದರೆ ಒಂದು ಮಾತು ಕೇಳುತ್ತೇವೆ, ಯೋಚನೆ ಮಾಡಿ ಉತ್ತರ ಕೊಡಿ. ನಿಮ್ಮ ಫೋನಿಗೆ ಬಂದ ಸಂದೇಶವನ್ನು ಓದಿ ಹೇಳುವವರು ಯಾರು? ಮೈದುನನೇ? ಪಕ್ಕದ ಮನೆಯ ಹುಡುಗನೇ? ಹಾಗಾದರೆ ಮಾಸ್ತರ ಜಾಗದಲ್ಲಿ ಈಗ ಅವನು ಕೂತಿದ್ದಾನೆ, ಅಷ್ಟೇ.

ನಿಮಗೆ ಈಗ ಅಕ್ಷರ ಬರುತ್ತದೆ. ಆ ಜಾಗ ಖಾಲಿ ಮಾಡಿಸಬಹುದು.

ಫೋನಿನಲ್ಲಿ ಕನ್ನಡ

"ಫೋನಿನಲ್ಲಿ ಇಂಗ್ಲಿಷ್ ಅಲ್ವಾ ಇರೋದು?" ಅಂತ ಕೇಳುತ್ತೀರಿ. ಕನ್ನಡವೂ ಇದೆ. ಫೋನಿನ ಅಕ್ಷರಮಣೆಗೆ ಕನ್ನಡ ಸೇರಿಸಿಕೊಡಿ ಅಂತ ಗೊತ್ತಿರುವವರನ್ನು ಒಮ್ಮೆ ಕೇಳಿ. ಒಮ್ಮೆ ಸೇರಿಸಿದರೆ ಸಾಕು, ಮತ್ತೆ ಅವರನ್ನು ಕೇಳಬೇಕಾಗಿಲ್ಲ. ಎಷ್ಟೋ ಫೋನುಗಳಲ್ಲಿ ಭೂಗೋಳದ ಚಿತ್ರದ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಇಂಗ್ಲಿಷ್ ಹೋಗಿ ಕನ್ನಡ ಬರುತ್ತದೆ.

ಒತ್ತಕ್ಷರ ಬರೆಯುವುದು ಹೇಗೆ? ಇದು ಎಲ್ಲರಿಗೂ ತೊಡಕು. ಕ್, ಮ್, ತ್ ಅಂತ ಬರೆಯುವಾಗ ಅಕ್ಷರದ ತಲೆಯ ಮೇಲೆ ಒಂದು ಸುರುಳಿ ಬರುತ್ತದಲ್ಲ, ಆ ಗುರುತು ಮಣೆಯ ಮೇಲಿದೆ. ಹುಡುಕಿ. "ಅಮ್ಮ" ಅಂತ ಬರೆಯಬೇಕು. ಮೊದಲು ಅ ಒತ್ತಿ. ಆಮೇಲೆ ಮ. ಆಮೇಲೆ ಸುರುಳಿ. ಮತ್ತೆ ಮ. ಎರಡನೆಯ ಮ ತಾನಾಗಿ ಕೆಳಗೆ ಹೋಗಿ ಕೂರುತ್ತದೆ.

"ಖರ್ಚು" ಅನ್ನುವ ಪದದಲ್ಲಿ ಇನ್ನೊಂದು ಸೋಜಿಗ ಇದೆ. ಪುಸ್ತಕದಲ್ಲಿ ನಾವು ಚು ಬರೆದು, ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವೆ. ಫೋನಿನಲ್ಲಿ ಹಾಗಲ್ಲ. ಬಾಯಿಯಲ್ಲಿ ಯಾವುದು ಮೊದಲು ಬರುತ್ತದೋ ಅದನ್ನೇ ಮೊದಲು ಒತ್ತಬೇಕು. ಖ, ರ, ಸುರುಳಿ, ಚ, ಉಕಾರ. ಒತ್ತಿ ನೋಡಿ. ಅರ್ಕಾವತ್ತು ತನ್ನ ಜಾಗಕ್ಕೆ ತಾನೇ ಹೋಗುತ್ತದೆ.

ನಮ್ಮಲ್ಲಿ ಮನೆಮಾತು ಬೇರೆ ಬೇರೆ. ಕೆಲವರದು ತುಳು, ಕೆಲವರದು ಬ್ಯಾರಿ. ಕೆಲವರದು ಕೊಂಕಣಿ, ಭಟ್ಕಳದ ಕಡೆ ನವಾಯತಿ. ಕಲಿತ ಅಕ್ಷರ ಕನ್ನಡ. ಮನೆಮಾತನ್ನೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಅದರಲ್ಲಿ ತಪ್ಪೇನೂ ಇಲ್ಲ. ಮಗನ ಹತ್ತಿರ ಪುಸ್ತಕದ ಭಾಷೆ ಯಾಕೆ?

ಬಾಯಲ್ಲಿ ಹೇಳಿದರೆ ಅಕ್ಷರ ಮಾಡಿಕೊಡುವ ಮೈಕಿನ ಗುಂಡಿಯೂ ಬಂದಿದೆ. ಅವಸರಕ್ಕೆ ಅದು ಸರಿ. ಆದರೆ ಅದು ಒಂದು ಹೇಳಿದರೆ ಇನ್ನೊಂದು ಬರೆಯುವುದುಂಟು. ಕಳಿಸುವ ಮುಂಚೆ ಓದಿ ನೋಡಿ. ಓದಲು ಬರುವವರಿಗೆ ಮಾತ್ರ ಆ ಗುಂಡಿ ಉಪಯೋಗಕ್ಕೆ ಬರುತ್ತದೆ ಅನ್ನುವುದು ನಮ್ಮ ಅಭಿಪ್ರಾಯ.

ಒಂದು ಸಂದೇಶ ಓದೋಣ. ಹೆಂಡತಿ ಗಂಡನಿಗೆ ಬರೆದದ್ದು ಅಂದುಕೊಳ್ಳಿ.

"ರೀ, ನಾನೇ ಬರೀತಾ ಇದ್ದೇನೆ. ಯಾರೂ ಹೇಳಿಕೊಡ್ಲಿಲ್ಲ. ಅತ್ತೆಗೆ ಸಕ್ಕರೆ ಕಾಯಿಲೆ ಸ್ವಲ್ಪ ಜಾಸ್ತಿ. ಮಾತ್ರೆಗೆ 640 ರೂಪಾಯಿ ಖರ್ಚು ಆಯ್ತು. ಮಗಳ ಫೀಸು ಕಟ್ಟಿಯಾಯ್ತು. ರಸೀದಿ ಫೋಟೋ ಕಳಿಸಿದ್ದೇನೆ. ನಿಮ್ಮ ಬೆನ್ನುನೋವು ಹೇಗಿದೆ? ಫೋನಿನಲ್ಲಿ ಎಲ್ಲರೂ ಇರುವಾಗ ನೀವು ಚೆನ್ನಾಗಿದೆ ಅಂತೀರಿ. ಇಲ್ಲಿ ನಿಜ ಬರೀರಿ. ನಾನೊಬ್ಬಳೇ ಓದುವುದು."

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಹಿಂದಿನ ಕಾಗದದಲ್ಲಿ ಆ ಸಾಲು ಬರೆಸಲು ಆಗುತ್ತಿತ್ತೇ?

ಯಾವ ಮಾತಿಗೆ ಯಾವ ದಾರಿ

ವಾಟ್ಸಾಪಿನಲ್ಲಿ ಬರೆದು ಕಳಿಸಬಹುದು. ದನಿ ಕಳಿಸಬಹುದು. ಫೋಟೋ ಕಳಿಸಬಹುದು. ಮುಖ ನೋಡಿ ಮಾತನಾಡಬಹುದು. ಹಾಗಾದರೆ ಬರೆಯುವ ಕಷ್ಟ ಯಾಕೆ ಅನ್ನಬೇಡಿ.

ಗಲ್ಫಿನಲ್ಲಿ ಎಷ್ಟೋ ಕೆಲಸಗಾರರು ಒಂದು ಕೋಣೆಯಲ್ಲಿ ಆರು ಜನ, ಎಂಟು ಜನ ಇರುತ್ತಾರೆ. ಮಂಚದ ಮೇಲೆ ಮಂಚ. ನೀವು ಅತ್ತು ಕಳಿಸಿದ ದನಿಯನ್ನು ಅವನು ಆ ಕೋಣೆಯಲ್ಲಿ ಹೇಗೆ ಕೇಳಬೇಕು? ಬರೆದದ್ದಾದರೆ ಸುಮ್ಮನೆ ಓದುತ್ತಾನೆ. ಪಕ್ಕದವನಿಗೆ ಗೊತ್ತಾಗುವುದಿಲ್ಲ. ಗುಟ್ಟು ಇಲ್ಲಿ ಮಾತ್ರ ಅಲ್ಲ, ಅಲ್ಲಿಯೂ ಬೇಕು.

ಲೆಕ್ಕ, ತಾರೀಕು, ಮದ್ದಿನ ಹೆಸರು, ಬ್ಯಾಂಕಿನ ವಿಷಯ, ಇವನ್ನೂ ಬರೆದೇ ಕಳಿಸಬೇಕು. ದನಿಯಲ್ಲಿ ಹೇಳಿದರೆ ಹುಡುಕಲು ಮತ್ತೆ ಮೊದಲಿಂದ ಕೇಳಬೇಕು. ಬರೆದದ್ದು ಕಣ್ಣಿಗೆ ಸಿಗುತ್ತದೆ. ಮುಂದೆ ಮಾತಿಗೆ ಮಾತು ಬಂದರೆ, "ನೋಡಿ, ಜೂನ್ 5ಕ್ಕೆ ಬರೆದಿದ್ದೇನೆ" ಅಂತ ತೋರಿಸಲೂ ಆಗುತ್ತದೆ.

ದನಿಯ ಸಂದೇಶಕ್ಕೂ ಅದರದೇ ಜಾಗ ಇದೆ. ಮಗು ಮೊದಲ ಸಲ "ಅಪ್ಪ" ಅಂದದ್ದನ್ನು ಬರೆದು ಕಳಿಸಿದರೆ ಏನು ಬಂತು? ಅದು ಕಿವಿಗೇ ಬೀಳಬೇಕು. ಅಜ್ಜಿಗೆ ಓದಲು ಬಾರದಿದ್ದರೆ ಅವರಿಗೂ ದನಿಯೇ ಸರಿ. ಮೈಕಿನ ಚಿತ್ರವನ್ನು ಒತ್ತಿ ಹಿಡಿದು ಮಾತನಾಡಿ, ಕೈ ಬಿಟ್ಟರೆ ಹೋಗುತ್ತದೆ.

ವಿಡಿಯೋ ಕರೆ ಹಬ್ಬಕ್ಕೆ, ಮದುವೆಗೆ, ಬಾಣಂತಿ ಮಗುವನ್ನು ತೋರಿಸಲು ಚೆನ್ನ. ಆದರೆ ಎಲ್ಲ ದೇಶದಲ್ಲೂ ಎಲ್ಲ ಕರೆಯೂ ಹೋಗುವುದಿಲ್ಲ. ದುಬೈ, ಅಬುಧಾಬಿ, ಶಾರ್ಜಾ ಇರುವ ದೇಶದ ಹೆಸರು ಯುಎಇ. ಅಲ್ಲಿ ವಾಟ್ಸಾಪಿನ ಸಂದೇಶ, ದನಿ, ಫೋಟೋ ಹೋಗುತ್ತವೆ. ಕರೆಗೆ ಮಾತ್ರ ಅಲ್ಲಿನ ಸರ್ಕಾರದ ತಡೆ ಇದೆ. ಸರ್ಕಾರ ಒಪ್ಪಿದ ಬೋಟಿಮ್‌ನಂಥ ಬೇರೆ ಆ್ಯಪ್‌ನಿಂದ ಮಾತನಾಡಬೇಕು. ಎಷ್ಟೋ ಸಲ "ಅವರು ನನ್ನ ಫೋನು ಎತ್ತುವುದಿಲ್ಲ" ಅಂತ ಮನೆಯಲ್ಲಿ ಕಣ್ಣೀರು. ಎತ್ತದೆ ಇರುವುದಲ್ಲ, ಕರೆ ಮುಟ್ಟುವುದೇ ಇಲ್ಲ.

ಸಂದೇಶದ ಕೆಳಗಿನ ಗುರುತನ್ನೂ ಓದಲು ಕಲಿಯಿರಿ. ಗಡಿಯಾರದ ಚಿತ್ರ ಇದ್ದರೆ ಸಂದೇಶ ನಿಮ್ಮ ಫೋನಿನಿಂದಲೇ ಹೊರಟಿಲ್ಲ. ನಿಮ್ಮ ನೆಟ್ ನೋಡಿ, ಕರೆನ್ಸಿ ಮುಗಿದಿದೆಯೋ ನೋಡಿ. ಒಂದು ಟಿಕ್ ಇದ್ದರೆ ಹೊರಟಿದೆ, ಅವರ ಫೋನಿಗೆ ಮುಟ್ಟಿಲ್ಲ. ಅವರ ಫೋನು ಆರಿರಬಹುದು, ನೆಟ್ ಇಲ್ಲದಿರಬಹುದು. ಎರಡು ಟಿಕ್ ಬಂದರೆ ಮುಟ್ಟಿತು. ಎರಡೂ ನೀಲಿ ಆದರೆ ತೆರೆದು ನೋಡಿದ್ದಾರೆ. ಕೆಲವರು ಆ ನೀಲಿಯನ್ನು ನಿಲ್ಲಿಸಿಟ್ಟಿರುತ್ತಾರೆ. ಅಂಥವರಿಗೆ ಕಳಿಸಿದರೆ ಓದಿದರೂ ನೀಲಿ ಬರುವುದಿಲ್ಲ. ಆದ್ದರಿಂದ ಬಣ್ಣ ನೋಡಿ ಜಗಳ ಬೇಡ.

ನೆಟ್ ಇಲ್ಲದಾಗ ಸಾದಾ ಫೋನ್ ಕರೆ ಇದ್ದೇ ಇದೆ. ಹೊರದೇಶದ ಕರೆಗೆ ಬೇರೆ ರೀಚಾರ್ಜ್ ಬೇಕಾಗಬಹುದು, ಅಂಗಡಿಯಲ್ಲಿ ಮೊದಲೇ ದರ ಕೇಳಿ. ನಂಬರಿನ ಮುಂದೆ ಕೂಡಿಸುವ ಗುರುತು ಮತ್ತು ದೇಶದ ನಂಬರ್ ಹಾಕಬೇಕು. ಯುಎಇಗೆ +971, ಸೌದಿಗೆ +966, ಕುವೈತಿಗೆ +965, ಕತಾರಿಗೆ +974, ಒಮಾನಿಗೆ +968, ಬಹರೈನಿಗೆ +973. ನಮ್ಮ ದೇಶದ್ದು +91. ಯುಎಇ, ಸೌದಿಯ ಮೊಬೈಲ್ ನಂಬರನ್ನು ಅಲ್ಲಿಯವರು ಸೊನ್ನೆಯಿಂದ ಶುರು ಮಾಡಿ ಹೇಳುತ್ತಾರೆ. ಇಲ್ಲಿಂದ ಮಾಡುವಾಗ ಆ ಸೊನ್ನೆ ಬಿಡಬೇಕು.

ಕಾಗದ ಪೂರ್ತಿ ಸತ್ತಿಲ್ಲ. ಸಹಿ ಬೇಕಾದ ಪತ್ರ, ಅಧಿಕಾರ ಪತ್ರ, ಪ್ರಮಾಣಪತ್ರ ಅಂಚೆಯಲ್ಲೋ ಕೊರಿಯರಿನಲ್ಲೋ ಹೋಗಬೇಕು. ಯುಎಇಯಲ್ಲಿ ಸಾದಾ ಅಂಚೆ ನಮ್ಮ ಹಾಗೆ ಮನೆಬಾಗಿಲಿಗೆ ಬರುವುದಿಲ್ಲ. ಅಂಚೆ ಪೆಟ್ಟಿಗೆಗೆ ಬರುತ್ತದೆ. ಆದ್ದರಿಂದ ಕಂಪನಿಯ ಪೆಟ್ಟಿಗೆ ನಂಬರ್ ಕೇಳಿ ಇಟ್ಟುಕೊಳ್ಳಿ.

ಅಲ್ಲಿ ಈಗ ಎಷ್ಟು ಗಂಟೆ?

ಸೂರ್ಯ ಮೊದಲು ನಮಗೆ ಕಾಣುತ್ತಾನೆ, ಆಮೇಲೆ ಅವರಿಗೆ. ದುಬೈ, ಮಸ್ಕತ್‌ನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ. ನಾವು ಬೆಳಿಗ್ಗೆ 7ಕ್ಕೆ ಕಾಪಿ ಕುಡಿದು ಫೋನ್ ಮಾಡಿದರೆ ಸೌದಿಯಲ್ಲಿ ನಾಲ್ಕೂವರೆ. ರಾತ್ರಿ ಪಾಳಿ ಮುಗಿಸಿ ಮಲಗಿದವರನ್ನು ಎಬ್ಬಿಸಿದ ಹಾಗೆ ಆಗುತ್ತದೆ.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಹೊರಗೆ ಕೆಲಸ ಮಾಡಿಸುವ ಹಾಗಿಲ್ಲ. ಕಟ್ಟಡ ಕೆಲಸದವರಿಗೆ ಅದು ವಿಶ್ರಾಂತಿಯ ಹೊತ್ತು. ನಮ್ಮ ಗಡಿಯಾರದಲ್ಲಿ ಆಗ 2ರಿಂದ ನಾಲ್ಕೂವರೆ.

ದಾರಿ ಕಟ್ಟಿಹೋದರೆ?

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತು. ಆಗ ಅಲ್ಲಿ ಲಕ್ಷಕ್ಕೂ ಮೀರಿ ಭಾರತೀಯರು ಇದ್ದರು. ಕರ್ನಾಟಕದವರೂ ಇದ್ದರು. ಹೊರಗಿನ ಸಂಪರ್ಕ ಕಡಿದುಹೋಯಿತು. ಮನೆಯವರಿಗೆ ರೇಡಿಯೋ, ಪತ್ರಿಕೆಯ ಸುದ್ದಿಯೇ ಗತಿ. ಜನರು ರಸ್ತೆಯ ಮೇಲೆ ದೂರ ಪ್ರಯಾಣ ಮಾಡಿ ಜೋರ್ಡನ್ ದೇಶದ ಅಮ್ಮಾನ್ ನಗರ ಸೇರಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕಿಂತ ಹೆಚ್ಚು ಜನರನ್ನು ಊರಿಗೆ ತಂದವು. ಎಷ್ಟೋ ಮನೆಗಳಿಗೆ, ಬಂದವರು ಬಾಗಿಲಲ್ಲಿ ನಿಂತಾಗಲೇ ಸುದ್ದಿ.

2020ರಲ್ಲಿ ಕೊರೊನಾ ಬಂತು. ಮಾರ್ಚ್ ಕೊನೆಗೆ ಹೊರದೇಶದ ವಿಮಾನಗಳು ನಿಂತವು. ಮೇ 7ರಿಂದ ಸರ್ಕಾರ ವಂದೇ ಭಾರತ್ ಎಂಬ ಹೆಸರಿನಲ್ಲಿ ವಿಮಾನ ಕಳಿಸಿತು. ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 12ಕ್ಕೆ. ಆ ಸಲ ವಿಮಾನ ಇರಲಿಲ್ಲ, ಮಾತು ಇತ್ತು. ಅಲ್ಲಿ ಕೋಣೆಯಲ್ಲಿ ಕೂತವರು ದಿನಾ ಬರೆಯುತ್ತಿದ್ದರು.

ಫೋನಿನ ಮಾತು ಗಾಳಿಯಲ್ಲೇ ದುಬೈಗೆ ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಗಾಳಿಯಲ್ಲಿ ಹೋಗುವುದು ಊರಿನ ಟವರಿನವರೆಗೆ. ಆಮೇಲೆ ಅದರ ದಾರಿ ಹೆಚ್ಚಾಗಿ ಸಮುದ್ರದ ತಳದಲ್ಲಿ ಹಾಸಿದ ಕೇಬಲ್. 2025ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದಲ್ಲಿ ಅಂಥ ಕೇಬಲ್ ತುಂಡಾಗಿ ನಮ್ಮ ದೇಶದಲ್ಲೂ ಯುಎಇಯಲ್ಲೂ ನೆಟ್ ನಿಧಾನವಾಯಿತು. ಆದ್ದರಿಂದ ಒಂದೇ ದಾರಿಯನ್ನು ನಂಬಿ ಕೂರಬಾರದು.

ಒಂದು ಪುಸ್ತಕ ಇಡಿ

ಫೋನ್ ನೀರಿಗೆ ಬಿದ್ದರೆ ನಂಬರೆಲ್ಲ ಹೋಯಿತು. ಹತ್ತು ರೂಪಾಯಿಯ ನೋಟುಪುಸ್ತಕ ಒಂದು ತನ್ನಿ. ಅದರಲ್ಲಿ ಅವರ ಅಲ್ಲಿನ ನಂಬರ್ ಬರೆಯಿರಿ. ಜೊತೆಗೆ ಅದೇ ಕೋಣೆಯ ಇನ್ನಿಬ್ಬರ ನಂಬರ್ ಬರೆಯಿರಿ. ಇದು ಬಹಳ ಮುಖ್ಯ. ಅವರ ಫೋನ್ ಆರಿದಾಗ ಸುದ್ದಿ ಹೇಳುವವರು ಕೋಣೆಯವರೇ. ಕಂಪನಿಯ ಹೆಸರು, ಅದು ಇರುವ ಊರು, ಕಂಪನಿಯ ಫೋನ್, ಕಳಿಸಿದ ಏಜೆಂಟನ ಹೆಸರು ಮತ್ತು ವಿಳಾಸ ಬರೆಯಿರಿ. ಪಾಸ್‌ಪೋರ್ಟ್ ನಂಬರ್ ಬರೆಯಿರಿ. ಪಾಸ್‌ಪೋರ್ಟಿನ, ವೀಸಾದ ಜೆರಾಕ್ಸ್ ಮಾಡಿಸಿ ಅದೇ ಪುಸ್ತಕದಲ್ಲಿ ಇಡಿ. ಹೊರಡುವ ಮುಂಚೆಯೇ ಕೇಳಿ ತೆಗೆದುಕೊಳ್ಳಿ. "ಅದೆಲ್ಲ ನಿನಗ್ಯಾಕೆ?" ಅಂದರೆ ಬಿಡಬೇಡಿ.

ಯಾಕೆ ಅಂತೀರಾ? ಹತ್ತು ದಿನ ಸುದ್ದಿ ಇಲ್ಲ ಅಂದುಕೊಳ್ಳಿ. ಸಂಬಳ ಕೊಡದೆ ಕೂರಿಸಿದ್ದಾರೆ ಅಂದುಕೊಳ್ಳಿ. ನೀವು ಸಹಾಯ ಕೇಳಲು ಹೋದರೆ ಎದುರಿನವರು ಮೊದಲು ಕೇಳುವುದು, "ಪಾಸ್‌ಪೋರ್ಟ್ ನಂಬರ್ ಎಷ್ಟು? ಕಂಪನಿ ಯಾವುದು?" ಉತ್ತರ ಇಲ್ಲದಿದ್ದರೆ ಹುಡುಕುವುದು ಬಹಳ ಕಷ್ಟ. ಯುಎಇಯಲ್ಲಿ ನಮ್ಮ ರಾಯಭಾರ ಕಚೇರಿ ಅಬುಧಾಬಿಯಲ್ಲಿದೆ, ದುಬೈಯಲ್ಲಿ ಕಾನ್ಸುಲೇಟ್ ಇದೆ. ಸೌದಿಯಲ್ಲಿ ರಿಯಾದ್ ಮತ್ತು ಜೆದ್ದಾದಲ್ಲಿ ಕಚೇರಿಗಳಿವೆ. ಕುವೈತಿನಲ್ಲಿಯೂ ಇದೆ. ಇಲ್ಲಿಂದಲೇ ದೂರು ಕೊಡಲು ವಿದೇಶಾಂಗ ಇಲಾಖೆಯ "ಮದದ್" ಎಂಬ ಕಂಪ್ಯೂಟರ್ ವ್ಯವಸ್ಥೆ 2015ರಿಂದ ಇದೆ. ಸೈಬರ್ ಅಂಗಡಿಯಲ್ಲಿ ಕೂತು ಮಾಡಿಸಬಹುದು. ದೂರಿನ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡೇ ಎದ್ದು ಬನ್ನಿ.

"ಅಮ್ಮ, ನಾನೇ" ಅಂದರೆ

ಗುರುತಿಲ್ಲದ ನಂಬರಿನಿಂದ ಸಂದೇಶ ಬರುತ್ತದೆ. "ಅಮ್ಮ, ನಾನೇ. ಫೋನ್ ಕಳೆದುಹೋಯ್ತು. ಇದು ಹೊಸ ನಂಬರ್. ಪೊಲೀಸರು ಹಿಡಿದಿದ್ದಾರೆ. ಅರ್ಜೆಂಟ್ 50,000 ಹಾಕು. ಯಾರಿಗೂ ಹೇಳಬೇಡ."

ತಾಯಿಯ ಕರುಳು ಕಿತ್ತು ಬರುತ್ತದೆ. ಮೋಸಗಾರರಿಗೆ ಅದು ಗೊತ್ತು. ಈಗ ದನಿಯನ್ನೂ ಯಂತ್ರದಿಂದ ನಕಲು ಮಾಡುತ್ತಾರೆ. ಆದ್ದರಿಂದ ದನಿ ಕೇಳಿದೆ ಅಂತಲೂ ನಂಬಬಾರದು. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು ಕೇಳಿ. "ನಮ್ಮ ಕಪ್ಪು ದನದ ಹೆಸರೇನು?" ಅಂತ ಕೇಳಿ. ಹಳೆಯ ನಂಬರಿಗೆ ಕರೆ ಮಾಡಿ. ಪುಸ್ತಕ ತೆಗೆದು ಕೋಣೆಯವರಿಗೆ ಮಾಡಿ. "ಯಾರಿಗೂ ಹೇಳಬೇಡ" ಅಂತ ಇದ್ದರೆ ಮೊದಲು ಪಕ್ಕದ ಮನೆಯವರಿಗೆ ಹೇಳಿ. ಇದು ಗುಟ್ಟಿನ ವಿಷಯ ಅಲ್ಲ.

ಫೋನಿಗೆ ಬರುವ ಆರು ಅಂಕಿಯ ನಂಬರನ್ನು ಯಾರು ಕೇಳಿದರೂ ಕೊಡಬೇಡಿ. ಅದನ್ನು ಕೊಟ್ಟರೆ ನಿಮ್ಮ ವಾಟ್ಸಾಪ್ ಅವರ ಕೈಗೆ ಹೋಗಬಹುದು, ಬ್ಯಾಂಕಿನ ಹಣವೂ ಹೋಗಬಹುದು. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಯಲು ಅವಕಾಶ ಹೆಚ್ಚು.

ಅಭ್ಯಾಸ

1. ಈ ಪದಗಳನ್ನು ಮೊದಲು ಪುಸ್ತಕದಲ್ಲಿ ಬರೆಯಿರಿ, ಆಮೇಲೆ ಫೋನಿನಲ್ಲಿ ಬರೆಯಿರಿ: ಅಪ್ಪ, ಹಬ್ಬ, ಖರ್ಚು, ಊರಿಗೆ ಯಾವಾಗ ಬರ್ತೀರಿ?

2. ನಿಮ್ಮವರಿಗೆ ಐದು ಸಾಲು ಬರೆದು ಕಳಿಸಿ. ಅದನ್ನು ಕಲಿಸುವ ಅಕ್ಕನಿಗೆ ತೋರಿಸಬೇಕಾಗಿಲ್ಲ. ಕಳಿಸಿದೆ ಅಂತ ಹೇಳಿದರೆ ಸಾಕು.

3. ನಮ್ಮಲ್ಲಿ ರಾತ್ರಿ 10 ಗಂಟೆ. ದುಬೈಯಲ್ಲಿ ಎಷ್ಟು? ಕುವೈತಿನಲ್ಲಿ ಎಷ್ಟು?

4. ಮುಂದಿನ ವಾರ ನೋಟುಪುಸ್ತಕ ತನ್ನಿ. ಮೊದಲ ಪುಟದಲ್ಲಿ ಯಾವ ಯಾವ ನಂಬರ್ ಇನ್ನೂ ಸಿಕ್ಕಿಲ್ಲ ನೋಡಿ. ಸಿಗದೆ ಇರುವುದನ್ನು ಇವತ್ತೇ ರಾತ್ರಿ ಬರೆದು ಕೇಳಿ.